ಎರೆ ಹೊಲಕ್ಕೆ ಎಂಟು ಪಟ್ಟು ಸಾಕು: ನನ್ನ 8×42 ಬೈನಾಕ್ಯುಲರ್

ಬಳ್ಳಾರಿಯಲ್ಲಿ ಪರಿಸರ ವಿಜ್ಞಾನ ಎಂಎಸ್ಸಿ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಜೂನಿಯರ್‌ಗಳು ನನ್ನ ರೂಮಿಗೆ ಬಂದು ಕೇಳುವುದು ಒಂದೇ. "ಅಕ್ಕಾ, ಬೈನಾಕ್ಯುಲರ್ ತಗೋಬೇಕು. ಹತ್ತು ಪಟ್ಟಿನದಾ, ಇಪ್ಪತ್ತು ಪಟ್ಟಿನದಾ?" ಎಂಟು ಪಟ್ಟಿನದು ತಗೊಳ್ಳಿ ಅಂದರೆ ಅವರ ಮುಖ ಸಣ್ಣದಾಗುತ್ತದೆ. ಕಮ್ಮಿ ನಂಬರ್ ಅಂದರೆ ಕಮ್ಮಿ ಕಾಣುತ್ತದೆ ಅನ್ನುವ ಭಾವನೆ. ನಮ್ಮ ಕಡೆಯ ನೆಲಕ್ಕೆ ಇದು ಉಲ್ಟಾ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನದು 8×42, ಪೋರೋ ಪ್ರಿಸಂ ಮಾದರಿ. ಅಂದರೆ ಹಳೆ ಕಾಲದ ಮಿಲಿಟರಿ ದುರ್ಬೀನಿನ ಹಾಗೆ ಭುಜ ಅಗಲ ಇರುವಂಥದ್ದು. ಆರು ಸಾವಿರ ಚಿಲ್ಲರೆ ಕೊಟ್ಟೆ. ಕಂಪನಿ ಹೆಸರು ಬರೆಯುವುದಿಲ್ಲ, ಏಕೆಂದರೆ ಇದೇ ಅಳತೆಯದು ಬೇರೆ ಬೇರೆ ಕಂಪನಿಗಳಲ್ಲಿ ಸಿಗುತ್ತದೆ. ನೀವು ನೋಡಬೇಕಾದದ್ದು ಅಳತೆಯನ್ನು. ನೇರ ಕೊಳವೆಯ ರೂಫ್ ಪ್ರಿಸಂ ಹಗುರ, ಕೈಗೆ ಚೆಂದ. ಆದರೆ ಇಷ್ಟೇ ದುಡ್ಡಿಗೆ ಪೋರೋದಲ್ಲಿ ಚಿತ್ರ ಜಾಸ್ತಿ ತಿಳಿಯಾಗಿ ಕಾಣುತ್ತದೆ. ವಿದ್ಯಾರ್ಥಿಗಳ ಜೇಬಿಗೆ ಅದೇ ಸರಿ.

ಈಗ ಎಂಟು ಯಾಕೆ ಅಂತ ನೋಡೋಣ. ಬಳ್ಳಾರಿಯಿಂದ ಸಿರುಗುಪ್ಪ ಕಡೆ ಹೋದರೆ ಎರೆ ಹೊಲ. ಕಣ್ಣು ಹಾಯಿಸಿದಷ್ಟು ದೂರ ಬಯಲು, ಮರ ಅಪರೂಪ. ಬೆಳಿಗ್ಗೆ ಒಂಬತ್ತು ದಾಟಿದರೆ ನೆಲದಿಂದ ಬಿಸಿ ಗಾಳಿ ಏಳಲು ಶುರು. ದೂರದ ಹಕ್ಕಿ ನೀರೊಳಗೆ ಇದ್ದ ಹಾಗೆ ನಡುಗುತ್ತದೆ. ನೀವು ಎಷ್ಟು ಪಟ್ಟು ದೊಡ್ಡದು ಮಾಡುತ್ತೀರೋ, ಆ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಜೊತೆಗೆ ಕೈ ನಡುಕ ಬೇರೆ. ಕ್ಲಾಸ್‌ಮೇಟ್ ಒಬ್ಬಳ ಹತ್ತಿರ 20×50 ಇದೆ. ಸ್ಟ್ಯಾಂಡ್ ಇಲ್ಲದೆ ಅದರಲ್ಲಿ ಒಂದು ಟಿಟ್ಟಿಭವನ್ನೂ ನೆಟ್ಟಗೆ ನೋಡಲಾಗುವುದಿಲ್ಲ.

ಇನ್ನೊಂದು, ನೋಟದ ಅಗಲ. ನನ್ನದರಲ್ಲಿ ನೂರು ಮೀಟರ್ ಆಚೆ ಸುಮಾರು 14 ಮೀಟರ್ ಅಗಲದ ನೆಲ ಒಟ್ಟಿಗೆ ಕಾಣುತ್ತದೆ. ಇಪ್ಪತ್ತು ಪಟ್ಟಿನದರಲ್ಲಿ ಇದರ ಅರ್ಧವೂ ಸಿಗುವುದಿಲ್ಲ. ಕಾಡಿನಲ್ಲಾದರೆ "ಆ ಕೊಂಬೆಯ ಎಡಕ್ಕೆ" ಅಂತ ಗುರುತು ಹೇಳಬಹುದು. ಉತ್ತ ಹೊಲದಲ್ಲಿ ಏನಂತ ಗುರುತು ಹೇಳುತ್ತೀರಿ? ಹೆಂಟೆಯೂ ಒಂದೇ ಬಣ್ಣ, ಹಕ್ಕಿಯೂ ಅದೇ ಬಣ್ಣ. ಬೂದು ತಲೆಯ ನೆಲಗುಬ್ಬಿಯ ಹೆಣ್ಣು ಪೂರ್ತಿ ಮಣ್ಣಿನ ಬಣ್ಣದ್ದು. ಕೂತರೆ ಕಾಣುವುದಿಲ್ಲ. ಗಂಡು ಮೇಲಕ್ಕೆ ಹಾರಿ, ಸಿಳ್ಳೆ ಹಾಕುತ್ತಾ ಬಾಣದಂತೆ ಕೆಳಗಿಳಿದು, ಮತ್ತೆ ಮೇಲೇಳುತ್ತದೆ. ಅದರ ಕಪ್ಪು ಹೊಟ್ಟೆ ಬೆಳಕಿಗೆ ಎದ್ದು ಕಾಣುತ್ತದೆ. ಅದರ ಹಿಂದೆಯೇ ನೋಟ ಓಡಿಸಬೇಕು. ಅಗಲ ಇದ್ದರೆ ಮಾತ್ರ ಅದು ಆಗುತ್ತದೆ.

ಚಳಿಗಾಲದಲ್ಲಿ ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು ಬರುತ್ತವೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ನಮ್ಮ ಜೋಳ, ಕಡಲೆ ಹೊಲಗಳ ತನಕ! ಬೆಳೆಯ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಮಿಡತೆ, ಸಣ್ಣ ಹಕ್ಕಿಗಳನ್ನು ಹುಡುಕುತ್ತವೆ. ಮಾಂಟೆಗೂ ಹ್ಯಾರಿಯರ್ ಗಂಡಿಗೆ ರೆಕ್ಕೆಯ ಮೇಲ್ಭಾಗದಲ್ಲಿ ಒಂದು ಕಪ್ಪು ಪಟ್ಟಿ ಇರುತ್ತದೆ. ಪ್ಯಾಲಿಡ್ ಹ್ಯಾರಿಯರ್ ಗಂಡು ತುಂಬಾ ಬಿಳಿಚು, ರೆಕ್ಕೆ ತುದಿಯಲ್ಲಿ ಮಾತ್ರ ಕಪ್ಪು. ಎಂಟು ಪಟ್ಟಿನಲ್ಲಿ ಈ ವ್ಯತ್ಯಾಸ ಆರಾಮಾಗಿ ತಿಳಿಯುತ್ತದೆ. ಹೆಣ್ಣುಗಳನ್ನು ಬೇರೆ ಮಾಡುವುದು ನಿಜಕ್ಕೂ ಕಷ್ಟ. ಅದಕ್ಕೆ ಇಪ್ಪತ್ತು ಪಟ್ಟೂ ಸಹಾಯ ಮಾಡುವುದಿಲ್ಲ, ಅಭ್ಯಾಸವೇ ಬೇಕು. ಇದೇ ಸಿರುಗುಪ್ಪ ಬಯಲಿನಲ್ಲಿ ಎರೆಭೂತವೂ ದಾಖಲಾಗಿದೆ. ಈಗ ಬೆರಳೆಣಿಕೆಯಷ್ಟು ಉಳಿದಿರುವ ಆ ದೊಡ್ಡ ಹಕ್ಕಿಯನ್ನು ನಾನಿನ್ನೂ ನೋಡಿಲ್ಲ. ಆದರೆ ಪ್ರತಿ ಸಲ ಆ ಬಯಲಿಗೆ ಹೋದಾಗ ದೂರದ ಅಂಚನ್ನು ನಿಧಾನಕ್ಕೆ ಒಮ್ಮೆ ನೋಡದೆ ವಾಪಸ್ ಬರುವುದಿಲ್ಲ.

42 ಅನ್ನುವುದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರ್‌ನಲ್ಲಿ. ಅದನ್ನು ಎಂಟರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಅಗಲ. ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ, ಆಗ ಇದರಿಂದ ದೊಡ್ಡ ಲಾಭವೇನೂ ಇಲ್ಲ. ಸಂಜೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಕಮಲಾಪುರದ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋಗಿ ನೋಡಿ. 1994ರಲ್ಲಿ ಘೋಷಣೆಯಾದ ಜಾಗ. ವೀಕ್ಷಣಾ ಗೋಪುರದ ಎದುರಿನ ಬಂಡೆಗುಡ್ಡಕ್ಕೆ ಮಧ್ಯಾಹ್ನದ ಮೇಲೆ ಕರಡಿಗಳು ಇಳಿದು ಬರುತ್ತವೆ. ಹೊತ್ತು ಇಳಿದ ಮೇಲೆ ಬಂಡೆಯ ನೆರಳೂ ಕಪ್ಪು, ಕರಡಿಯೂ ಕಪ್ಪು. 20×50ರಲ್ಲಿ ಆ ವೃತ್ತ ಬರೀ 2.5 ಮಿಲಿಮೀಟರ್, ಚಿತ್ರ ಮಂಕಾಗುತ್ತದೆ. ನನ್ನದರಲ್ಲಿ ತಾಯಿಯ ಎದೆಯ ಬಿಳಿ ಗುರುತು, ಬೆನ್ನ ಮೇಲೆ ಅಂಟಿಕೊಂಡು ಕೂತ ಮರಿ, ಎರಡೂ ಕಂಡವು. ನನ್ನ ಪಕ್ಕ ನಿಂತಿದ್ದ ಒಬ್ಬ ಅಮ್ಮನಿಗೆ ಕೊಟ್ಟೆ. ಅವರು ಅದನ್ನು ಮಗನಿಗೆ, ಸೊಸೆಗೆ ದಾಟಿಸಿದರು. ಯಾರಿಗೂ ಹೇಳಿಕೊಡುವ ಕೆಲಸ ಬೀಳಲಿಲ್ಲ. ಗೋಪುರಕ್ಕೆ ಹೋಗುವವರು ಅದೇ ಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವನ್ನೂ ಹುಡುಕಿ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಕೊರತೆಗಳನ್ನೂ ಹೇಳಬೇಕು. ಹತ್ತಿರದ್ದು ಕಾಣುವುದಿಲ್ಲ. ನಾಲ್ಕೈದು ಮೀಟರ್ ಒಳಗಿದ್ದರೆ ಫೋಕಸ್ ಸಿಗುವುದಿಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಮೇಲೆ ಪ್ರಾಜೆಕ್ಟ್ ಮಾಡುವವರು ಇದನ್ನು ತಗೊಳ್ಳಲೇಬೇಡಿ, ಎರಡು ಮೀಟರ್‌ಗೆ ಫೋಕಸ್ ಆಗುವ ರೂಫ್ ಪ್ರಿಸಂ ನೋಡಿ. ತೂಕ ಮುಕ್ಕಾಲು ಕೆಜಿ. ಟ್ರಾನ್ಸೆಕ್ಟ್, ಅಂದರೆ ಗೊತ್ತುಮಾಡಿದ ಒಂದು ಗೆರೆಗುಂಟ ಕಂಡದ್ದನ್ನು ಎಣಿಸುತ್ತಾ ನಡೆದ ದಿನ ಕುತ್ತಿಗೆ ನೋಯುತ್ತದೆ. ಜೊತೆಗೆ ಬಂದ ಪಟ್ಟಿ ತೆಳ್ಳಗಿತ್ತು, ಬೇಗ ಕಿತ್ತುಹೋಯಿತು. ಹಳೆ ಬ್ಯಾಗಿನ ಅಗಲ ಪಟ್ಟಿ ಹೊಲಿಸಿ ಹಾಕಿಕೊಂಡೆ, ಈಗ ಚೆನ್ನಾಗಿದೆ. ನೀರು ತಡೆಯುವುದಿಲ್ಲ. ಹೊಳೆ ದಂಡೆಯಲ್ಲಿ ಇದು ತೊಂದರೆಯೇ. ಕೊಪ್ಪಳದ ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಒದ್ದೆ ಬಂಡೆ ಮೇಲೆ ಕೂತು ಕಾಯುವಾಗ ಪ್ಲಾಸ್ಟಿಕ್ ಕವರ್ ಕೈಯಲ್ಲೇ ಇರಲಿ.

ಎಲ್ಲಕ್ಕಿಂತ ಜಾಸ್ತಿ ಜೋಪಾನ ಬೇಕಾದದ್ದು ದೂಳಿನಿಂದ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹಾದುಹೋದರೆ ಗಾಜಿನ ಮೇಲೆ ಕೆಂಪು ಪದರ ಕೂರುತ್ತದೆ. ವೇಲಿನಿಂದ, ಅಂಗಿ ತುದಿಯಿಂದ ಒರೆಸಬೇಡಿ. ಅದಿರಿನ ಪುಡಿ, ಮರಳಿನ ಕಣ ಗಾಜಿನ ಮೇಲಿನ ಲೇಪನವನ್ನು ಗೀಚಿಬಿಡುತ್ತವೆ. ಮೊದಲು ರಬ್ಬರ್ ಬ್ಲೋಯರ್‌ನಿಂದ ಊದಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಲೆನ್ಸ್ ಬಟ್ಟೆ. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ. ಹೊರಗೇ 40 ಡಿಗ್ರಿ ದಾಟಿರುತ್ತದೆ, ಒಳಗೆ ಕೇಳುವುದೇ ಬೇಡ.

ಹೊಲಗಳಲ್ಲಿ ನಿಂತು ನೋಡುವಾಗ ಇನ್ನೊಂದು ವಿಷಯ ನೆನಪಿರಲಿ. ಒಮ್ಮೆ ಕುರಿ ಕಾಯುವ ತಾತ ಒಬ್ಬರು ಕೋಲೂರಿಕೊಂಡು ಬಂದು, "ಏನ್ ತಂಗಿ, ಹೊಲ ಅಳ್ಯಾಕ ಬಂದೀರೇನು? ಯಾವ ಕಂಪನಿ?" ಎಂದು ಕೇಳಿದರು. ಅವರ ಅನುಮಾನ ನ್ಯಾಯವಾದದ್ದು. ಗಣಿ, ಫ್ಯಾಕ್ಟರಿ ಅಂತ ಈ ಜಿಲ್ಲೆಯಲ್ಲಿ ಜನ ಸಾಕಷ್ಟು ನೋಡಿದ್ದಾರೆ. ನಾನು ಬೈನಾಕ್ಯುಲರನ್ನು ಅವರ ಕೈಗೇ ಕೊಟ್ಟು, ಹಳದಿ ಟಿಟ್ಟಿಭ ತೋರಿಸಿದೆ. ತಾತ ಬಹಳ ಹೊತ್ತು ನೋಡಿದರು. ಆಮೇಲೆ ಬದುವಿನ ಆಚೆ ಅದು ಮೊಟ್ಟೆ ಇಟ್ಟಿದ್ದ ಜಾಗವನ್ನು ಅವರೇ ದೂರದಿಂದ ತೋರಿಸಿದರು. ಗೂಡು ಅನ್ನುವಂಥದ್ದೇನೂ ಇಲ್ಲ, ಬರೀ ನೆಲ, ಸುತ್ತ ಕಲ್ಲಿನ ಚೂರು. "ಕುರಿ ಆ ಕಡಿ ಬಿಡಂಗಿಲ್ಲ ತಂಗಿ" ಅಂದರು. ಮೊದಲು ಜನರನ್ನು ಮಾತಾಡಿಸಿ, ಆಮೇಲೆ ಕಣ್ಣಿಗೆ ಹಚ್ಚಿ.

ಅಂಗಡಿಯಲ್ಲಿ ತಗೊಳ್ಳುವುದಾದರೆ ಹೊರಗೆ ಬಂದು ದೂರದ ಬೋರ್ಡ್ ಒಂದನ್ನು ನೋಡಿ. ಎರಡು ಕಣ್ಣಿಗೂ ಒಂದೇ ಚಿತ್ರ ಕೂಡಿಕೊಳ್ಳಬೇಕು. ತಲೆನೋವು ಬಂದ ಹಾಗಾದರೆ ಒಳಗಿನ ಪ್ರಿಸಂ ಸರಿ ಕೂತಿಲ್ಲ, ಬೇರೆ ಪೀಸ್ ಕೇಳಿ. ಬಲಗಣ್ಣಿನ ಕಡೆ ಇರುವ ಡಯಾಪ್ಟರ್, ಅಂದರೆ ಆ ಒಂದು ಕಣ್ಣಿನ ಫೋಕಸ್ ಮಾತ್ರ ಬದಲಿಸುವ ಬಳೆ, ತಿರುವಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಕನ್ನಡಕ ಇರುವವರು ರಬ್ಬರ್ ಕಪ್ ಮಡಚಿ ನೋಡಿ. ಅಕ್ಟೋಬರ್‌ಗೆ ಮೊದಲೇ ತಗೊಂಡರೆ ಒಳ್ಳೆಯದು. ಸೆಳೆವಗಳು ಬರುವಷ್ಟರಲ್ಲಿ ಕೈ ಪಳಗಿರುತ್ತದೆ.