ಕೆನಡಾದ ಕಟ್ ಆಫ್ ಮೊದಲೇ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ

ಕೆನಡಾದಲ್ಲಿ ಕಾಯಂ ನೆಲೆಸಲು ನುರಿತ ಕೆಲಸಗಾರರನ್ನು ಅಂಕದ ಮೇಲೆ ಆರಿಸುವ ವ್ಯವಸ್ಥೆ ಎಕ್ಸ್‌ಪ್ರೆಸ್ ಎಂಟ್ರಿ. ಹೆಚ್ಚು ಅಂಕದವರನ್ನು ಆಗಾಗ ಆರಿಸಿ ಆಹ್ವಾನಿಸುವುದೇ ಡ್ರಾ. ಮುಂದಿನ ಡ್ರಾ ಎಷ್ಟು ಅಂಕಕ್ಕೆ ನಿಲ್ಲುತ್ತದೆ, ಅಂದರೆ ಕಟ್ ಆಫ್ ಎಷ್ಟು ಎನ್ನುವುದು ಯಾವ ಏಜೆಂಟನಿಗೂ ಗೊತ್ತಿರುವುದಿಲ್ಲ. ಗೊತ್ತಿದೆ ಎಂದು ನಂಬಿಸಿ ನನ್ನಿಂದ 40 ಸಾವಿರ ರೂಪಾಯಿ ಕಿತ್ತುಕೊಂಡರು, ಜಿಎಸ್‌ಟಿ ಬೇರೆ. ಬೆಂಗಳೂರಿನ ಕಚೇರಿ. ಹೆಸರು ಹಾಕುವುದು ಬೇಡ ಎಂದು ವಕೀಲರು ಹೇಳಿದ್ದಾರೆ, ಇಲ್ಲದಿದ್ದರೆ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೆ.

2024ರ ಮಾರ್ಚ್ ಮೊದಲ ವಾರ. ನಾನು ಎಂಕಾಂ ಓದಿದ ಅಕೌಂಟೆಂಟ್, ವಯಸ್ಸು 30, ವಯಸ್ಸು, ಓದು, ಭಾಷೆ, ಅನುಭವ ನೋಡಿ ಕೊಡುವ ಸಿಆರ್‌ಎಸ್ ಅಂಕ 473. ಆರೋಗ್ಯ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ), ಕೃಷಿ, ಯಾವ ವಿಶೇಷ ವಿಭಾಗಕ್ಕೂ ಸೇರದವಳು. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ 600 ಅಂಕ ಸಿಗುತ್ತದೆ, ಅದಿಲ್ಲದಿದ್ದರೆ ನನಗೆ ಎಲ್ಲ ವಿಭಾಗದವರಿಗೂ ತೆರೆದ ಸಾಮಾನ್ಯ ಡ್ರಾ ಒಂದೇ ಗತಿ. ಫ್ರೆಂಚ್ ಬಲ್ಲವರಿಗೆ ಬೇರೆ ಡ್ರಾ ಇತ್ತು. "ಫ್ರೆಂಚ್ ಕಲಿಯಲು ಶುರು ಮಾಡಲೇ?" ಎಂದು ನಾನೇ ಕೇಳಿದೆ. "ಯಾಕೆ ಮೇಡಂ ಸುಮ್ಮನೆ ಕಷ್ಟ? ಜೂನ್ ಹೊತ್ತಿಗೆ 470ಕ್ಕೆ ಇಳಿಯುತ್ತದೆ, ನೋಡಿ" ಎಂದು ಬಣ್ಣದ ಗ್ರಾಫ್ ಒಂದನ್ನು ಮುಂದಿಟ್ಟರು. ಎಡದ ಮೇಲ್ತುದಿಯಲ್ಲಿ ಶುರುವಾದ ಕೆಂಪು ಗೆರೆ ಬಲದ ಕೆಳತುದಿಗೆ ಜಾರಿತ್ತು. ಎಷ್ಟು ಚೆನ್ನಾಗಿತ್ತು ಆ ಗೆರೆ!

ಸಾಮಾನ್ಯ ಡ್ರಾದ ಕಟ್ ಆಫ್ ಮಾರ್ಚ್ 12ಕ್ಕೆ 525, ಮಾರ್ಚ್ 25ಕ್ಕೆ 524. "ನೋಡಿದಿರಾ ಮೇಡಂ, ಹೇಳಿದ್ದೆವಲ್ಲ!" ಎಂದು ಸಂದೇಶ ಬಂತು. ಒಂದೇ ಒಂದು ಅಂಕ ಇಳಿದದ್ದಕ್ಕೆ ಸಂಭ್ರಮ. ಏಪ್ರಿಲ್ 23ಕ್ಕೆ 529. "ತಾತ್ಕಾಲಿಕ ಮೇಡಂ." ಆಮೇಲೆ ಆ ವರ್ಷ ಸಾಮಾನ್ಯ ಡ್ರಾ ನಡೆಯಲೇ ಇಲ್ಲ. ನಡೆಯಲೇ ಇಲ್ಲ! ಈ ನಡುವೆ ನನ್ನ ಹುಟ್ಟುಹಬ್ಬ ಬಂತು. ವಯಸ್ಸಿನ ಅಂಕ 105ರಿಂದ 99ಕ್ಕೆ ಇಳಿದು ಒಟ್ಟು 467 ಆಯಿತು.

ಒಂದು ರಾತ್ರಿ ಕೆನಡಾ ಸರ್ಕಾರದ ಜಾಲತಾಣದಲ್ಲಿದ್ದ ಡ್ರಾಗಳ ಪಟ್ಟಿಯನ್ನು ಆ ಗ್ರಾಫಿನ ಪಕ್ಕ ಇಟ್ಟುಕೊಂಡು ಕುಳಿತೆ. ಜನವರಿ 10ರ 546 ಸಾಮಾನ್ಯ ಡ್ರಾ, ಸರಿ. ಫೆಬ್ರವರಿ 14ರ 422? ಅದು ಆರೋಗ್ಯ ಕ್ಷೇತ್ರದವರಿಗೆ ಮಾತ್ರ. ಕೊನೆಯ ಚುಕ್ಕೆ, ಫೆಬ್ರವರಿ 29ರ 336? ಅದು ಫ್ರೆಂಚ್ ಬಲ್ಲವರಿಗೆ! ಹಿಂದಿನ ದಿನವೇ ಸಾಮಾನ್ಯ ಡ್ರಾ 534ಕ್ಕೆ ನಿಂತಿತ್ತು. ಆ ಚುಕ್ಕೆ ಗ್ರಾಫಿನಲ್ಲಿ ಇರಲೇ ಇಲ್ಲ. ಬೇರೆ ಬೇರೆ ಸಾಲುಗಳ ಅಂಕಗಳನ್ನು ಪೋಣಿಸಿ ಒಂದು ಗೆರೆ ಎಳೆದಿದ್ದರು. ದಿನವಿಡೀ ಬೇರೆಯವರ ಲೆಕ್ಕ ತಾಳೆ ನೋಡುವ ನನಗೇ ಇದನ್ನು ತೋರಿಸಿ ದುಡ್ಡು ಎಣಿಸಿಕೊಂಡಿದ್ದರು. ಮೈಯೆಲ್ಲ ಉರಿಯಿತು.

ಬೆಳಗ್ಗೆ ಫೋನ್ ಮಾಡಿದೆ. "ಅದು ಒಟ್ಟಾರೆ ಟ್ರೆಂಡ್ ಮೇಡಂ." ಫ್ರೆಂಚ್ ಡ್ರಾಗೂ ನನಗೂ ಏನು ಸಂಬಂಧ ಎಂದೆ. "ನಾವು ಮಾರ್ಗದರ್ಶನ ಕೊಟ್ಟಿದ್ದೇವೆಯೇ ಹೊರತು ಗ್ಯಾರಂಟಿ ಕೊಟ್ಟಿಲ್ಲ, ಒಪ್ಪಂದ ಓದಿಕೊಳ್ಳಿ." ಹಣ ವಾಪಸ್ ಕೇಳಿದೆ. ಅದಕ್ಕೆ ಬಂದ ಉತ್ತರ ಕೇಳಿ: "ಫ್ರೆಂಚ್ ಕಲಿಯಿರಿ ಮೇಡಂ, ನಮ್ಮಲ್ಲೇ ಕೋರ್ಸ್ ಇದೆ, ಹಳೆಯ ಗ್ರಾಹಕರಿಗೆ ರಿಯಾಯಿತಿ." ಗಿಳಿಶಾಸ್ತ್ರದವನಿಗಾದರೂ ಇದಕ್ಕಿಂತ ಹೆಚ್ಚು ನಾಚಿಕೆ ಇರುತ್ತದೆ.

ಕಟ್ ಆಫ್ ಎನ್ನುವುದು ಮೊದಲೇ ಗೊತ್ತುಮಾಡಿದ ಪಾಸ್ ಅಂಕವಲ್ಲ. ಆ ದಿನ ಯಾವ ವಿಭಾಗದಿಂದ ಎಷ್ಟು ಜನರನ್ನು ಕರೆಯಬೇಕು ಎಂದು ಅಲ್ಲಿನ ವಲಸೆ ಇಲಾಖೆ ತೀರ್ಮಾನಿಸುತ್ತದೆ. ಆಹ್ವಾನ ಸಿಕ್ಕವರಲ್ಲಿ ಕೊನೆಯವರ ಅಂಕವೇ ಕಟ್ ಆಫ್. 2021ರ ಫೆಬ್ರವರಿ 13ರಂದು ಒಂದೇ ಸಲಕ್ಕೆ 27,332 ಜನರನ್ನು ಕರೆದಾಗ ಅದು 75ಕ್ಕೆ ಬಿದ್ದಿತ್ತು. ಅದೂ ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇದ್ದವರಿಗೆ. ಯಾವ ಗ್ರಾಫ್ ಅದನ್ನು ಮೊದಲೇ ಹೇಳಿತ್ತು?

ಡ್ರಾಗಳ ಪಟ್ಟಿ, ಯಾವ ಅಂಕದ ಮಟ್ಟದಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಎಂಬ ವಿವರ, ಎರಡೂ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಗ್ರಾಫ್ ತೋರಿಸಿದರೆ ಪ್ರತಿ ಚುಕ್ಕೆಯೂ ಯಾವ ವಿಭಾಗದ್ದು ಎಂದು ಕೇಳಿ. ಕೆನಡಾದ ವಲಸೆ ಸಲಹೆಗಾರರ ಪರವಾನಗಿ ಪಟ್ಟಿಯೂ ಸಾರ್ವಜನಿಕವಾಗಿದೆ, ಅಲ್ಲಿ ಹೆಸರು ಹುಡುಕಿ. ಈ ಮಹಾನುಭಾವರ ಹೆಸರು ಅಲ್ಲಿರಲಿಲ್ಲ.

ಹಣಕ್ಕಾಗಿ ನೋಟಿಸ್ ಕಳಿಸಿದ್ದೇನೆ. ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇದೇ ಕೆಂಪು ಗೆರೆಯ ಗ್ರಾಫ್ ನಿಮಗೂ ಕೊಟ್ಟಿದ್ದರೆ ಅದರ ಪ್ರತಿಯನ್ನೂ ರಸೀದಿಯನ್ನೂ ಎಸೆಯಬೇಡಿ, ನನಗೆ ತಿಳಿಸಿ.