50 ಮಿ.ಮೀ. ಗಾಲಿ, ಗದಗಿನ ಗಾಳಿ: ಎರಡು ಮಳೆಗಾಲ ಓಡಿಸಿದ ಮೇಲೆ

ನನ್ನ ಸೈಕಲ್‌ನ ಹಿಂದಿನ ಗಾಲಿಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಮುಂದಿನದಕ್ಕೆ ಎಷ್ಟು ಅಂತ ಕೇಳಿದರೆ, ಯಾವ ತಿಂಗಳಲ್ಲಿ ಅಂತ ನಾನೇ ತಿರುಗಿ ಕೇಳಬೇಕಾಗುತ್ತದೆ. ಜನವರಿಯಲ್ಲಿ ಎಂಟು. ಜುಲೈನಲ್ಲಿ ಎರಡು, ಅದೂ ನೋಡೋಕೆ ಚೆನ್ನಾಗಿದೆ ಅನ್ನೋ ಕಾರಣಕ್ಕೆ.

ಚೀನಾದಿಂದ ನೇರವಾಗಿ ತರಿಸಿದ ಕಾರ್ಬನ್ ಗಾಲಿಗಳ ಜೋಡಿ ಇದು, ಗಾಳಿ ಸುಲಭವಾಗಿ ಸೀಳಲಿ ಅಂತ ರಿಮ್ 50 ಮಿ.ಮೀ. ಆಳ ಇದೆ. ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಅವರೊಬ್ಬರ ಮೇಲಲ್ಲ. ಈ ಬೆಲೆಯ ಬೇರೆ 50 ಮಿ.ಮೀ. ಗಾಲಿ ಕೊಂಡಿದ್ದರೂ ಹೆಚ್ಚುಕಡಿಮೆ ಇದನ್ನೇ ಬರೆಯುತ್ತಿದ್ದೆ. ಸುಂಕ, ಜಿಎಸ್‌ಟಿ, ಕೊರಿಯರ್ ಎಲ್ಲಾ ಸೇರಿ 45,000 ರೂಪಾಯಿ ಆಸುಪಾಸು ಆಯಿತು. ದೊಡ್ಡ ಹೆಸರಿನ ಗಾಲಿಗಳು ಲಕ್ಷ ದಾಟುತ್ತವೆ. ನನ್ನ ಇಡೀ ಸೈಕಲ್‌ಗೇ ಅಷ್ಟು ಕೊಟ್ಟಿಲ್ಲ. ತೂಕ ಎಷ್ಟು, ಸ್ಪೋಕ್ ಎಷ್ಟು, ಹಬ್ ಯಾವುದು ಅನ್ನೋದೆಲ್ಲ ಮಾರುವವರ ಪುಟದಲ್ಲಿ ಇದ್ದೇ ಇರುತ್ತದೆ, ಅಲ್ಲೇ ನೋಡಿಕೊಳ್ಳಿ.

ಕೊಳ್ಳುವಾಗ ಮೂರು ವಿಷಯಕ್ಕೆ ಹಟ ಹಿಡಿದಿದ್ದೆ. ಒಂದು, ಡಿಸ್ಕ್ ಬ್ರೇಕ್‌ನದೇ ಬೇಕು. ರಿಮ್ ಬ್ರೇಕ್‌ನ ಕಾರ್ಬನ್ ಗಾಲಿಯಲ್ಲಿ ಘಾಟಿ ಇಳಿಯುವಾಗ ಬ್ರೇಕ್ ರಬ್ಬರ್ ಉಜ್ಜಿ ರಿಮ್ಮೇ ಕಾಯುತ್ತದೆ. ಬಿಸಿ ಜಾಸ್ತಿಯಾದರೆ ಕಾರ್ಬನ್ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾಗಿ ರಿಮ್ ಉಬ್ಬಬಹುದು. ಕಡಿಮೆ ಬೆಲೆಯ ಮಾಲಿನಲ್ಲಿ ಆ ಭಂಡ ಧೈರ್ಯ ಬೇಡ. ರಿಮ್ ಬ್ರೇಕ್ ಸೈಕಲ್ ಇರುವವರು ಸುಮ್ನೆ ಒಳ್ಳೆ ಅಲ್ಯೂಮಿನಿಯಂ ಗಾಲಿ ತೆಗೆದುಕೊಳ್ಳಿ.

ಎರಡು, ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್‌ಗೆ ಬಿಗಿ ಮಾಡುವ ಪುಟ್ಟ ನಟ್, ಹೊರಗೆ ಕಾಣುವಂತಿರಬೇಕು. ನಿಪ್ಪಲ್ ರಿಮ್ ಒಳಗೆ ಅಡಗಿದ್ದರೆ ಒಂದು ಕಡ್ಡಿ ಬಿಗಿ ಮಾಡೋಕೂ ಟೈರ್, ಟೇಪ್ ಎಲ್ಲಾ ಕಳಚಬೇಕು. ನಮ್ಮೂರಿನ ಸೈಕಲ್ ರಿಪೇರಿಯವರು ಹೀರೋ, ಅಟ್ಲಾಸ್‌ಗೆ ಬೆಂಡ್ ತೆಗೆದು ಕೈ ಪಳಗಿದವರು. ನಿಪ್ಪಲ್ ಕಂಡರೆ ಸಾಕು, ಕಾರ್ಬನ್ ಆದರೂ ಅವರಿಗೆ ಗಾಲಿ ಗಾಲಿಯೇ.

ಮೂರು, ಹುಕ್ ಇರುವ ರಿಮ್, ಅಂದರೆ ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆ ಇರುವಂಥದ್ದು. ಈಗ ಹುಕ್‌ಲೆಸ್ ರಿಮ್‌ಗಳೂ ಬಹಳ ಬರುತ್ತವೆ, ಮಾಡೋದು ಸುಲಭ, ಹಾಗಾಗಿ ಅಗ್ಗ. ಆದರೆ ಅದರಲ್ಲಿ ಗಾಳಿಯ ಒತ್ತಡ 5 ಬಾರ್ ದಾಟಬಾರದು, ಅಂದರೆ 72.5 ಪಿಎಸ್‌ಐ. ಟೈರ್ ಕೂಡ ಅದಕ್ಕೆ ಹೊಂದುತ್ತದೆ ಅಂತ ತಯಾರಕರೇ ಹೇಳಿರಬೇಕು. 2024ರ ಯುಎಇ ಟೂರ್ ಸೈಕಲ್ ರೇಸ್‌ನಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರ್ ರಿಮ್ ಬಿಟ್ಟು ಹೊರಗೆ ನೇತಾಡುತ್ತಿದ್ದ ಚಿತ್ರ ನೀವೂ ನೋಡಿರಬಹುದು. ತಪ್ಪು ಯಾವುದರದ್ದು ಅನ್ನೋ ಜಗಳ ಆಮೇಲೆ ಬಹಳ ದಿನ ನಡೆಯಿತು. ನನ್ನ ತೂಕ 60 ಕೆ.ಜಿ.ಗಿಂತ ಕಡಿಮೆ, 72 ಪಿಎಸ್‌ಐ ನನಗೆ ಯಾವತ್ತೂ ಬೇಕಾಗಲ್ಲ. ಆದರೂ ಪೆಟ್ರೋಲ್ ಬಂಕ್‌ನ ಹುಡುಗನೋ ಟೈರ್ ಅಂಗಡಿಯವನೋ ಪ್ರೀತಿಯಿಂದ ನೂರು ತುಂಬಿಸಿಬಿಟ್ಟರೆ? ಹುಕ್ ಇರಲಿ.

ಮೊದಲ ಚಳಿಗಾಲ ಸ್ವರ್ಗ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಹೊತ್ತು ನಮ್ಮ ಕಡೆ ಗಾಳಿ ಅಷ್ಟಾಗಿ ಇರಲ್ಲ. ಲಕ್ಕುಂಡಿ ದಾಟಿ ಕೊಪ್ಪಳದ ಕಡೆ ಹೆದ್ದಾರಿಯಲ್ಲಿ ಹೋದರೆ ಎರಡೂ ಕಡೆ ಕಡಲೆ, ಬಿಳಿಜೋಳ. ರಸ್ತೆ ಸಪಾಟು. ವೇಗ ಗಂಟೆಗೆ 32 ಕಿ.ಮೀ. ದಾಟುತ್ತಿದ್ದ ಹಾಗೆ ರಿಮ್ ಒಳಗಿಂದ ಒಂದು ಗುಂಯ್ ಅನ್ನೋ ಸದ್ದು ಶುರುವಾಗುತ್ತದೆ. ಹಳೇ ಗಾಲಿಯಲ್ಲಿ ಅದು ಇರಲಿಲ್ಲ. ಆ ಸದ್ದು ನಿಲ್ಲಬಾರದು ಅಂತಲೇ ಎಷ್ಟೋ ಸಲ ಕಾಲು ಸೋತರೂ ತುಳಿದಿದ್ದೇನೆ.

ಅದರಲ್ಲಿ ಗಾಲಿಯ ಪಾಲು ಎಷ್ಟು, ಹುರುಪಿನ ಪಾಲು ಎಷ್ಟು? ಲೆಕ್ಕ ಹಾಕಿದರೆ ಸ್ವಲ್ಪ ಬೇಜಾರಾಗುತ್ತದೆ. ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಮಾರುವವರು ಇಷ್ಟು ವ್ಯಾಟ್ ಉಳಿಯುತ್ತದೆ ಅನ್ನೋದು ಸಾಮಾನ್ಯವಾಗಿ ಗಂಟೆಗೆ 45 ಕಿ.ಮೀ. ವೇಗದ ಅಳತೆ. ನಮ್ಮಂಥವರ 30ಕ್ಕೆ ಇಳಿಸಿದರೆ ಆ ಉಳಿತಾಯದ ಮೂರನೇ ಒಂದು ಭಾಗವೂ ಉಳಿಯಲ್ಲ. ಮೇಲಾಗಿ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಮುಕ್ಕಾಲು ಪಾಲು ಸವಾರನ ಮೈಯೇ. ಮೊಣಕೈ ಮಡಚಿ ಬಗ್ಗಿ ಕೂರೋದಕ್ಕೆ ಕಾಸು ಖರ್ಚಿಲ್ಲ. ಬೆನ್ನುನೋವು ಇರುವವರ ವಿಷಯ ಬೇರೆ, ನನಗೂ ಇದೆ. ಅದಕ್ಕೇ ಗಾಲಿ ಕೊಂಡದ್ದು.

ಬೆಳಿಗ್ಗೆಯ ಗಾಳಿ ಹೊಡೆಯುವ ಕೆಲಸ ನನಗೆ ಪೂಜೆಯಷ್ಟೇ ನೇಮ. ಐದು ಗಂಟೆಗೆ ಪಡಸಾಲೆಯಲ್ಲಿ ದೀಪ ಹಾಕಿ, ಗಾಲಿಯನ್ನು ವಾಲ್ವ್ ಕೆಳಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸುತ್ತೇನೆ. ರಿಮ್ ಆಳ ಇರುವುದರಿಂದ 80 ಮಿ.ಮೀ. ಉದ್ದದ ವಾಲ್ವ್ ಬೇಕು, ಮಾಮೂಲಿ ವಾಲ್ವ್ ತಂದರೆ ಅದರ ತುದಿ ರಿಮ್ ಒಳಗೇ ಉಳಿಯುತ್ತದೆ. ತುದಿಯ ಪುಟ್ಟ ತಿರುಪು ಸಡಿಲಿಸಿ ಒಮ್ಮೆ ಒತ್ತಬೇಕು. ಚುಸ್ ಅಂದರೆ ಅಂಟಿಲ್ಲ ಅಂತ ಅರ್ಥ. ಆಮೇಲೆ ಪಂಪಿನ ಬಾಯಿ ನೇರವಾಗಿ ಒತ್ತಿ, ಲಿವರ್ ಎತ್ತಿ, ಮುಂದೆ 56 ಪಿಎಸ್‌ಐ, ಹಿಂದೆ 60. ತೆಗೆಯುವಾಗಲೂ ನೇರವಾಗಿಯೇ ಎಳೆಯಬೇಕು, ವಾರೆಯಾದರೆ ಆ ಸೂಕ್ಷ್ಮ ಕಡ್ಡಿ ಬಾಗುತ್ತದೆ. ಕೊನೆಗೆ ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡುತ್ತೇನೆ. ಮೀಟರ್ ಇದ್ದರೂ ಒತ್ತಿ ನೋಡದೆ ಸಮಾಧಾನ ಇಲ್ಲ.

ಟೈರ್ 28 ಮಿ.ಮೀ. ಅಗಲದ್ದು, ಟ್ಯೂಬ್‌ಲೆಸ್. ಟಿಪಿಯು ಅನ್ನೋ ತೆಳು ಪ್ಲಾಸ್ಟಿಕ್ ಟ್ಯೂಬ್ ಹಗುರ, ಜೇಬಿನಲ್ಲಿ ಹಿಡಿಯುತ್ತದೆ, ಮೊದಲು ಅದರಲ್ಲೇ ಶುರು ಮಾಡಿದ್ದೆ. ಆದರೆ ನಮ್ಮ ಕಡೆ ರಸ್ತೆ ಬದಿ ಪೂರಾ ಬಳ್ಳಾರಿ ಜಾಲಿ. ಬೇಲಿ ಕಡಿದ ದಿನ ಮುಳ್ಳಿನ ಟೊಂಗೆ ಡಾಂಬರಿನ ಮೇಲೇ ಬಿದ್ದಿರುತ್ತದೆ. ಟ್ಯೂಬ್ ಬಿಟ್ಟು, ಟೈರ್ ಒಳಗೆ ಸೀಲಂಟ್ ಅನ್ನೋ ತೂತು ಮುಚ್ಚುವ ದ್ರವ ಹಾಕಿದ ಮೇಲೆ ಮುಳ್ಳು ಕಿತ್ತರೆ ಬಿಳಿ ಹನಿ ಉಕ್ಕಿ, ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ಆ ದ್ರವ ಬೇಗ ಒಣಗುತ್ತದೆ, ಆಗಾಗ ಗಾಲಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಸದ್ದು ಬರದಿದ್ದರೆ ತುಂಬಿಸೋ ಕಾಲ ಬಂತು.

ರಿಮ್‌ನ ಹೊರ ಅಗಲ ಟೈರ್‌ಗಿಂತ ಶೇ 5ರಷ್ಟಾದರೂ ಜಾಸ್ತಿ ಇರಬೇಕು ಅನ್ನೋ ಒಂದು ನಿಯಮ ಇದೆ. ಹಾಗಿದ್ದರೆ ಟೈರ್ ಮೇಲಿಂದ ಜಾರಿದ ಗಾಳಿ ರಿಮ್‌ಗೆ ಅಂಟಿಕೊಂಡೇ ಹರಿಯುತ್ತದಂತೆ. ನನ್ನದು ಹೊರಗೆ 30, ಟೈರ್ ಉಬ್ಬಿದ ಮೇಲೆ 29. ಲೆಕ್ಕಕ್ಕೆ ಸ್ವಲ್ಪ ತಪ್ಪುತ್ತದೆ. ಜಾಲಿ ಮುಳ್ಳು, ಗುಂಡಿ ಇರುವ ಊರಲ್ಲಿ ಅರ್ಧ ಮಿಲಿಮೀಟರ್‌ಗೆ ತಲೆ ಕೆಡಿಸಿಕೊಂಡು 25ರ ಟೈರ್ ಹಾಕುವವನಲ್ಲ ನಾನು.

ಹಿಂದಿನ ಹಬ್‌ನ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಡಲ್ ನಿಲ್ಲಿಸಿದರೆ ಟರ್‍ರ್ ಅಂತ ಜೋರಾಗಿ ಕೂಗುತ್ತದೆ. ಬಂದ ಹೊಸದರಲ್ಲಿ ಮುಜುಗರ ಆಗುತ್ತಿತ್ತು. ಈಗ ಬೆಲ್ ಬಿಚ್ಚಿಟ್ಟಿದ್ದೇನೆ. ರಸ್ತೆ ತುಂಬ ಕುರಿ ಹಿಂಡು ಇದ್ದರೆ ದೂರದಿಂದಲೇ ಪೆಡಲ್ ಬಿಡುತ್ತೇನೆ. ಹಿಂದಿನ ಸಾಲಿನ ಕುರಿಗಳು ಕಿವಿ ತಿರುಗಿಸಿ, ಒಂದು ಕ್ಷಣ ಯೋಚಿಸಿ, ಬದಿಗೆ ಒತ್ತಿಕೊಳ್ಳುತ್ತವೆ. ಕುರಿಗಾಹಿ ಕೋಲು ಎತ್ತುವುದೂ ಬೇಕಾಗಲ್ಲ.

ಇಷ್ಟೆಲ್ಲ ಹೊಗಳಿದ್ದು ಮೇ ಮುಗಿಯುವವರೆಗೆ.

ಜೂನ್‌ನಲ್ಲಿ ಕಪ್ಪತಗುಡ್ಡದ ಮೇಲಿನ ಫ್ಯಾನ್‌ಗಳು ಬಿಡುವಿಲ್ಲದೆ ತಿರುಗೋಕೆ ಶುರುವಾಗುತ್ತವೆ. ಪವನ ವಿದ್ಯುತ್ ಕಂಪನಿಯವರು ಸುಮ್ನೆ ನಮ್ಮ ಗುಡ್ಡ ಹುಡುಕಿಕೊಂಡು ಬಂದವರಲ್ಲ. ಸೆಪ್ಟೆಂಬರ್‌ವರೆಗೂ ಪಶ್ಚಿಮದಿಂದ, ನೈಋತ್ಯದಿಂದ ಹೊಡೆಯುವ ಗಾಳಿ ಅದು. ಹುಬ್ಬಳ್ಳಿ ಕಡೆ ಹೋದರೆ ಎದುರುಗಾಳಿ, ಬೈದುಕೊಂಡು ತುಳಿಯಬಹುದು. ಬರುವಾಗ ಅದೇ ಬೆನ್ನು ತಳ್ಳುತ್ತದೆ. ತೊಂದರೆ ಇರುವುದು ಡಂಬಳದ ಮೇಲೆ ಮುಂಡರಗಿಗೆ ಹೋಗುವ ದಾರಿಯಲ್ಲಿ. ಆ ರಸ್ತೆ ಆಗ್ನೇಯಕ್ಕೆ ಹೋಗುತ್ತದೆ, ಗಾಳಿ ಪೂರಾ ಅಡ್ಡ. ಹೋಗುವಾಗ ಬಲದಿಂದ ಹೊಡೆದು ರಸ್ತೆ ಬದಿಯ ಎರೆ ಮಣ್ಣಿಗೆ ತಳ್ಳುತ್ತದೆ. ಬರುವಾಗ ಎಡದಿಂದ ಹೊಡೆದು ಲಾರಿಗಳ ಕಡೆಗೆ. ನನಗೆ ವಾರದ ನಡುವೆ ಸಮಯ ಸಿಗುವುದು ಇದೇ ದಾರಿಗೆ.

ಒಂದೇ ಸಮನೆ ಬೀಸುವ ಗಾಳಿ ಕಷ್ಟವಲ್ಲ, ಅದರ ಕಡೆ ಸ್ವಲ್ಪ ಒರಗಿಕೊಂಡು ಹೋಗಬಹುದು. ಕಷ್ಟ ಅದು ಒಮ್ಮೆಲೇ ನಿಂತು, ಒಮ್ಮೆಲೇ ಬಂದಾಗ. ಬಲಕ್ಕೆ ಒರಗಿ ಹೋಗುತ್ತಿರುತ್ತೀರಿ. ಎದುರಿಗೆ ಬಸ್ ಬಂತು. ಅದು ಪಕ್ಕಕ್ಕೆ ಬಂದ ಗಳಿಗೆ ಗಾಳಿ ಕಟ್. ಒರಗಿದ ಮೈ ಬಸ್ಸಿನ ಕಡೆಗೇ ವಾಲುತ್ತದೆ. ಸರಿಪಡಿಸಿಕೊಳ್ಳುವಷ್ಟರಲ್ಲಿ ಬಸ್ ದಾಟಿತು, ತಡೆದಿದ್ದ ಗಾಳಿ ಮತ್ತೆ ಬಂತು. ಆಗ ಮುಂದಿನ ಗಾಲಿ ಯಾರೋ ಹ್ಯಾಂಡಲ್ ಹಿಡಿದು ಎಳೆದ ಹಾಗೆ ಎಡಕ್ಕೆ ತಿರುಗುತ್ತದೆ. ಸಾಲು ಬೇವಿನ ಮರಗಳು ಮುಗಿದು ಬಯಲು ಶುರುವಾಗುವ ಜಾಗದಲ್ಲೂ ಇದೇ ಕಥೆ. ಎಲ್ಲೆಲ್ಲಿ ಮರ ಮುಗಿಯುತ್ತದೆ ಅನ್ನೋದು ನನಗೀಗ ಬಾಯಿಪಾಠ.

ಹಿಂದಿನ ಗಾಲಿಗೂ ಅಷ್ಟೇ ಗಾಳಿ ಬಡಿಯುತ್ತದೆ. ಆದರೆ ಅದು ಫ್ರೇಮ್‌ಗೆ ಕಟ್ಟಿಕೊಂಡಿದೆ, ತಿರುಗೋಕೆ ಆಗಲ್ಲ, ಮೇಲೆ ನಮ್ಮ ಭಾರವೂ ಇದೆ. ಮುಂದಿನದು ಹ್ಯಾಂಡಲ್ ಜೊತೆ ತಿರುಗುವುದಕ್ಕೇ ಇರುವುದು. ಅದರ ಅರ್ಧಕ್ಕಿಂತ ಹೆಚ್ಚು ಭಾಗ ತಿರುಗುವ ಅಚ್ಚಿಗಿಂತ ಮುಂದೆ ಚಾಚಿಕೊಂಡಿದೆ. ಹಾಗಾಗಿ ಅಡ್ಡ ಬಂದ ಗಾಳಿ ನೇರ ಕೈಗೆ ಬರುತ್ತದೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್ ರೇಸ್ ನೋಡಿದವರಿಗೆ ಇದು ಗೊತ್ತು. ಪೂರ್ತಿ ಮುಚ್ಚಿದ ಡಿಸ್ಕ್ ಗಾಲಿ ಹಿಂದೆ ಮಾತ್ರ ಇರುತ್ತದೆ, ರಸ್ತೆಯಲ್ಲಿ ಮುಂದೆ ಯಾರೂ ಹಾಕಲ್ಲ. 1984ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ಸಿಟಿಯಲ್ಲಿ ಎರಡೂ ಕಡೆ ಡಿಸ್ಕ್ ಹಾಕಿ ಒಂದು ಗಂಟೆಯಲ್ಲಿ 51.151 ಕಿ.ಮೀ. ಓಡಿಸಿ ದಾಖಲೆ ಮಾಡಿದ್ದು ನಿಜ, ಆದರೆ ಅದು ವೆಲೊಡ್ರೋಮ್, ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕ್. ಅಲ್ಲಿ ಎದುರಿಗೆ ಬಸ್ ಬರಲ್ಲ.

ಸಿಟ್ಟು ಬರಿಸುವ ವಿಷಯ ಇನ್ನೊಂದಿದೆ. ಆಳದ ರಿಮ್ ಹೆಚ್ಚು ಲಾಭ ಕೊಡುವುದೂ ಗಾಳಿ ಸ್ವಲ್ಪ ಓರೆಯಾಗಿ ಬಂದಾಗಲೇ. ಹಾಯಿಯಂತೆ ಸ್ವಲ್ಪ ಮುಂದಕ್ಕೂ ತಳ್ಳುತ್ತದೆ ಅಂತ ಮಾರುವವರು ಚಿತ್ರ ಬರೆದು ತೋರಿಸುತ್ತಾರೆ. ಅದೇ ಗಾಳಿ ಪಕ್ಕಕ್ಕೆ ಎಷ್ಟು ತಳ್ಳುತ್ತದೆ ಅನ್ನೋ ಚಿತ್ರ ಬರೆಯಲ್ಲ. ಕೆಲವು ದೊಡ್ಡ ಕಂಪನಿಗಳು ಹ್ಯಾಂಡಲ್ ಮೇಲೆ ಬೀಳುವ ಎಳೆತವನ್ನೂ ಅಳೆಯುತ್ತವೆ. ನಮ್ಮ ಬಜೆಟ್‌ನ ಗಾಲಿಗೆ ಸಿಗುವುದು 'ಅಡ್ಡಗಾಳಿಯಲ್ಲೂ ಸ್ಥಿರ' ಅನ್ನೋ ಒಂದು ಸಾಲು. ನಾನು ಇಮೇಲ್ ಬರೆದು ಕೇಳಿದೆ. ಎಲ್ಲವೂ ಸಹಜವಾಗಿದೆ, ಇನ್ನೂ ಅಭ್ಯಾಸ ಮಾಡಿ ಅಂತ ಉತ್ತರ ಬಂತು, ಜೊತೆಗೆ 60 ಮಿ.ಮೀ. ಗಾಲಿಗೆ ರಿಯಾಯಿತಿ ಕೂಪನ್!

ನ್ಯಾಯವಾಗಿ ಹೇಳಬೇಕೆಂದರೆ ರಿಮ್ ಆಕಾರ ಕೆಟ್ಟದ್ದಲ್ಲ. ಹಳೇ ಕಾಲದ ಚೂಪು 'ವಿ' ಆಕಾರಕ್ಕಿಂತ ಒಳಭಾಗ ದುಂಡಗಿರುವ ಈ ಆಕಾರ ಅಡ್ಡಗಾಳಿಯಲ್ಲಿ ವಾಸಿ, ಎಳೆತ ಅಷ್ಟು ದಿಢೀರನೆ ಬರಲ್ಲ. 75 ಕೆ.ಜಿ.ಯ ನನ್ನ ಗೆಳೆಯನೊಬ್ಬ ಇದೇ ಗಾಲಿ ಹಾಕಿ ಇದೇ ರಸ್ತೆಯಲ್ಲಿ ಹೋಗಿ ಬಂದು, ಅಂಥದ್ದೇನಿಲ್ಲವಲ್ಲ ಅಂದ. ತೂಕ ಕಡಿಮೆ ಇದ್ದವರಿಗೆ ಗಾಳಿಯ ಕಾಟ ಜಾಸ್ತಿ. ಊಟ ಜಾಸ್ತಿ ಮಾಡಿ ಅಂತ ಮನೆಯವರು ಹೇಳಿದರು, ಅದನ್ನೂ ಮಾಡಿದೆ. ಮೊಣಕೈ ಸಡಿಲ ಬಿಟ್ಟು, ಕೈ ಡ್ರಾಪ್ಸ್‌ನಲ್ಲಿ, ಅಂದರೆ ಹ್ಯಾಂಡಲ್‌ನ ಕೆಳಕ್ಕೆ ಬಾಗಿದ ಭಾಗದಲ್ಲಿ ಇಟ್ಟು, ಗಟ್ಟಿಯಾಗಿ ಹಿಡಿಯದೇ ಹೋದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಆದರೆ ಬೆಳಗಿನ ಸವಾರಿ ಅಂದರೆ ನನಗೆ ಸುತ್ತ ನೋಡಿಕೊಂಡು ಹೋಗೋದು, ಕಾವಲು ಕಾಯೋದಲ್ಲ.

ಕೊನೆಗೆ ಹಳೇ ಅಲ್ಯೂಮಿನಿಯಂ ಗಾಲಿ ಅಟ್ಟದಿಂದ ಇಳಿಸಿ ಮುಂದೆ ಹಾಕಿದೆ. ಹಿಂದಿನದು ಕಾರ್ಬನ್ನೇ ಇರಲಿ ಅಂತ ಬಿಟ್ಟೆ. ಬ್ರೇಕ್ ಹಿಡಿಯುವ ತಟ್ಟೆ (ಡಿಸ್ಕ್ ರೋಟರ್) ಎರಡು ಗಾಲಿಗೂ ಬೇರೆ ಬೇರೆ ಇಟ್ಟುಕೊಂಡರೆ ಬದಲಿಸೋದು ಐದು ನಿಮಿಷದ ಕೆಲಸ. ಗಾಳಿಯನ್ನು ಮೊದಲು ಸೀಳುವುದು ಮುಂದಿನ ಗಾಲಿ, ಅದನ್ನೇ ತೆಗೆದರೆ ಲಾಭದ ದೊಡ್ಡ ಪಾಲು ಹೋಯಿತು ಅಂತ ಬಲ್ಲವರು ಹೇಳುತ್ತಾರೆ. ಹೋಗಲಿ. ಹಿಂದಿನ ಗಾಲಿಯ ಬಿಗಿ, ಏರಿನಲ್ಲಿ ತುಳಿದರೆ ತಟ್ಟನೆ ಮುಂದೆ ಹೋಗುವ ಚುರುಕು, ಕುರಿ ಓಡಿಸುವ ಸದ್ದು ಎಲ್ಲಾ ಹಾಗೇ ಇದೆ. ಗುಂಯ್ ಸದ್ದೂ ಅರ್ಧ ಉಳಿದಿದೆ. ಬಸ್ ಬಂದರೆ ಉಸಿರು ಬಿಗಿ ಹಿಡಿಯೋದು ನಿಂತಿದೆ.

ನೋಡೋಕೆ ಮಾತ್ರ ವಿಚಿತ್ರ. ನಾನು ದಿನಾ ಗಿರ್ಮಿಟ್ ತಿನ್ನುವ ಅಂಗಡಿಯವರು ಮಿರ್ಚಿ ತಿರುವುತ್ತಾ ಕೇಳಿದರು: "ಯಾಕ್ರೀ ಸರ, ಮುಂದಿನ ಗಾಲಿ ಮಾರಿಬಿಟ್ರೇನ್ರಿ?" ಇಲ್ಲ ರೀ, ಗಾಳಿ ಕಾಲಕ್ಕೆ ತೆಗೆದಿಟ್ಟೀನಿ ಅಂದೆ. "ಹಂಗಾದ್ರ ಛತ್ರಿ ಮಡಚಿಟ್ಟಂಗ ಆತ್ ಬಿಡ್ರಿ," ಅಂದು ಇನ್ನೊಂದು ಮಿರ್ಚಿ ಹಾಕಿದರು.

ಎರಡನೇ ಮಳೆಗಾಲವೂ ಹೀಗೇ ಕಳೆಯಿತು. ಗಾಲಿಯ ಗಟ್ಟಿತನದ ಬಗ್ಗೆ ದೂರಿಲ್ಲ. ಹಿಂದಿನದಕ್ಕೆ ಒಮ್ಮೆ ಬೆಂಡ್ ತೆಗೆಸಿದೆ, ಎರೆ ಮಣ್ಣು ಹೊಕ್ಕು ಬೇರಿಂಗ್ ಗರಗರ ಅಂದಿದ್ದಕ್ಕೆ ಅದನ್ನೂ ಬದಲಿಸಿದೆ. ನೀವು ಬಯಲಿನಲ್ಲಿ, ಮರ ಇಲ್ಲದ ರಸ್ತೆಯಲ್ಲಿ ಓಡಿಸುವವರಾಗಿದ್ದು 65 ಕೆ.ಜಿ.ಗಿಂತ ಹಗುರ ಇದ್ದರೆ ಮುಂದೆ 35, ಹಿಂದೆ 50 ಇರುವ ಜೋಡಿ ಕೇಳಿ. ಕೆಲವರು ಹಾಗೆ ಕೊಡುತ್ತಾರೆ, ಬೆಲೆ ವ್ಯತ್ಯಾಸ ಅಷ್ಟಾಗಿ ಇರಲ್ಲ. ಊರೊಳಗಿನ ಅಥವಾ ಮರದ ಸಾಲಿನ ರಸ್ತೆಯವರು ಎರಡೂ 50 ತೆಗೆದುಕೊಂಡರೆ ನಷ್ಟವಿಲ್ಲ. ಇನ್ನೂ ಹಳೇ ತಂತಿ ಅಂಚಿನ ಗಟ್ಟಿ ಟೈರ್‌ನಲ್ಲೇ ಓಡಿಸುತ್ತಿದ್ದರೆ ಮೊದಲು ಟೈರ್ ಬದಲಿಸಿ, ಗಾಲಿ ಆಮೇಲೆ.

ನನ್ನ ಮಾರಾಟಗಾರರು ಬಿಡಿ ಗಾಲಿ ಕಳಿಸಲ್ಲ ಅಂದಿದ್ದಾರೆ. ಯಾರ ಹತ್ತಿರವಾದರೂ 35 ಮಿ.ಮೀ.ನ ಮುಂದಿನ ಗಾಲಿ ಸುಮ್ನೆ ಬಿದ್ದಿದ್ದರೆ ತಿಳಿಸಿ. 12×100 ಆಕ್ಸಲ್, ಸೆಂಟರ್ ಲಾಕ್, ಹುಕ್ ಇರಬೇಕು. ಹುಬ್ಬಳ್ಳಿವರೆಗೆ ಬಂದು ಒಯ್ಯುತ್ತೇನೆ, ಎದುರುಗಾಳಿ ಇದ್ದರೂ ಪರವಾಗಿಲ್ಲ.