ಆರ್ಕೈವ್ ಡಾಟ್ ಆರ್ಗ್: ಮದುವೆ ವಿಡಿಯೊ ಅಳಿಸಿದೆ, ತಾಳಮದ್ದಳೆ ಉಳಿಸಿದೆ

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಉಪನಯನ, ಗೃಹಪ್ರವೇಶ, ಮಳೆಗಾಲ ಮುಗಿದ ಮೇಲೆ ಬಯಲಾಟ. 22 ವರ್ಷದಿಂದ ಕ್ಯಾಮೆರಾವೇ ಅನ್ನ. ಪುಸ್ತಕ, ಧ್ವನಿ, ವಿಡಿಯೊಗಳನ್ನು ಎಲ್ಲರಿಗಾಗಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್ (ಆರ್ಕೈವ್ ಡಾಟ್ ಆರ್ಗ್) ಎಂಬ ಉಚಿತ ಆನ್‌ಲೈನ್ ಸೇವೆಯನ್ನು ಐದು ವರ್ಷದಿಂದ ಬಳಸುತ್ತಿದ್ದೇನೆ. ಮೊದಲ ಎರಡು ವರ್ಷ ಬಳಸಿದ್ದು ತಪ್ಪು ರೀತಿಯಲ್ಲಿ. ನಮ್ಮ ಲೈನಿನ ಹುಡುಗರು ಈಗಲೂ ಅದನ್ನೇ ಮಾಡುತ್ತಿದ್ದಾರೆ, ಹಾಗಾಗಿ ಆ ಭಾಗವನ್ನೂ ಬಿಡದೆ ಬರೆಯುತ್ತೇನೆ.

ನನ್ನ 4 ಟಿಬಿ ಹಾರ್ಡ್‌ಡಿಸ್ಕ್ ಒಂದು ಸೀಸನ್ನಿನ ನಡುವೆ ಕೈಕೊಟ್ಟಿತು. ಹೊಸದಕ್ಕೆ ಹತ್ತು ಸಾವಿರದ ಹತ್ತಿರ ಬೇಕು. "ಆರ್ಕೈವಿಗೆ ಹಾಕು ಮಾರಾಯ, ಲಿಮಿಟ್ಟೂ ಇಲ್ಲ, ದುಡ್ಡೂ ಇಲ್ಲ" ಅಂದ ಗೆಳೆಯ. ಇಮೇಲ್ ಕೊಟ್ಟರೆ ಖಾತೆ ಸಿಕ್ಕಿತು. ರಾತ್ರಿ ಅಂಗಡಿ ಮುಚ್ಚುವಾಗ ಅಪ್‌ಲೋಡಿಗೆ ಬಿಟ್ಟು ಹೋಗುವುದು, ಬೆಳಿಗ್ಗೆ ಬಂದು ನೋಡುವುದು. ಹೀಗೆ 41 ಮದುವೆ ಹಾಕಿದೆ. ಎಡಿಟ್ ಮಾಡಿದ್ದಷ್ಟೇ ಅಲ್ಲ, ಕ್ಯಾಮೆರಾದಿಂದ ಬಂದ ಫೈಲು ಬಂದ ಹಾಗೇ. ಆಮೇಲೆ ಹುಡುಕಲು ಸುಲಭವಾಗಲಿ ಎಂದು ಹುಡುಗ, ಹುಡುಗಿಯ ಹೆಸರು, ಛತ್ರ, ತಾರೀಕು ಎಲ್ಲ ಟೈಟಲಿನಲ್ಲೇ ಬರೆದಿದ್ದೆ.

ಒಂದು ಮಧ್ಯಾಹ್ನ, ನಾನೇ ಮದುವೆ ಶೂಟ್ ಮಾಡಿದ್ದ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಮೊಬೈಲ್ ಕೌಂಟರಿನ ಮೇಲಿಟ್ಟು, "ಅಣ್ಣಾ, ಇದು ಯಾರ್ ಬೇಕಾದ್ರೂ ನೋಡ್ಬಹುದಾ?" ಅಂದಳು. ಆಫೀಸಿನಲ್ಲಿ ಯಾರೋ ಅವಳ ಹೆಸರು ಹುಡುಕಿದಾಗ ಸಿಕ್ಕಿದ್ದಂತೆ. ಕೆಳಗೆ 312 ವ್ಯೂ ಅಂತ ಇತ್ತು. ಅವಳು ಬೆರಳಿಂದ ಮುಂದಕ್ಕೆಳೆದು ಒಂದು ಕಡೆ ನಿಲ್ಲಿಸಿದಳು. ಧಾರೆ ಮುಗಿದ ಮೇಲೆ ಅವಳ ಅಪ್ಪ ಛತ್ರದ ಕಂಬದ ಮರೆಗೆ ಹೋಗಿ ಶಲ್ಯದಿಂದ ಕಣ್ಣೊರೆಸಿಕೊಂಡದ್ದು. ಎಡಿಟಿನಲ್ಲಿ ನಾನೇ ಕತ್ತರಿಸಿ ಬಿಟ್ಟಿದ್ದ ಶಾಟ್ ಅದು. ಆ ಅಪ್ಪ ಈಗ ಇಲ್ಲ. ಅವಳು ಜಗಳ ಮಾಡಲಿಲ್ಲ. ಆ ಭಾಗವನ್ನು ಪೆನ್‌ಡ್ರೈವಿಗೆ ಹಾಕಿಕೊಡಿ, ಅಲ್ಲಿಂದ ತೆಗೆಸಿ, ಅಷ್ಟೇ ಅಂದಳು.

ಅವತ್ತು ರಾತ್ರಿಯೇ ಆರ್ಕೈವ್ ಏನು, ಯಾಕಿದೆ ಅಂತ ಮೊದಲ ಸಲ ಕೂತು ಓದಿದ್ದು. 1996ರಲ್ಲಿ ಬ್ರೂಸ್ಟರ್ ಕೇಲ್ ಶುರುಮಾಡಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿದೆ. ಜಾಹೀರಾತಿಲ್ಲ, ಜನ ಕೊಟ್ಟ ದೇಣಿಗೆ ಅದರ ದೊಡ್ಡ ಆಧಾರ. ನಾವು ಒಂದು ವಿಡಿಯೊ ಹಾಕಿದರೆ ಮೂಲ ಫೈಲನ್ನು ಇಟ್ಟುಕೊಂಡು, ಎಲ್ಲರಿಗೂ ಓಡುವಂಥ ಇನ್ನೊಂದು ಚಿಕ್ಕ ಪ್ರತಿಯನ್ನೂ ತಾನೇ ತಯಾರಿಸುತ್ತದೆ. ಒಂದು ಡಿಸ್ಕ್ ಹೋದರೂ ಉಳಿಯಲಿ ಎಂದು ಎರಡು ಕಡೆ ಇಡುತ್ತದೆ. ಅಂದರೆ ನಾನು ಹತ್ತು ಸಾವಿರ ಉಳಿಸಲು ಹೋಗಿ ಯಾರದೋ ದೇಣಿಗೆಯಲ್ಲಿ ಅದಕ್ಕಿಂತ ಹೆಚ್ಚು ಜಾಗ ತಿಂದಿದ್ದೆ. ನಿಯಮದಲ್ಲಿ ಮದುವೆ ವಿಡಿಯೊ ಹಾಕಬೇಡಿ ಎಂದು ಬರೆದಿದೆಯೋ ಇಲ್ಲವೋ ಅಂತ ನಾನು ಹುಡುಕಲೇ ಇಲ್ಲ. ಅನ್ನಸಂತರ್ಪಣೆಯಲ್ಲಿ ಎಷ್ಟು ಬೇಕಾದರೂ ಬಡಿಸುತ್ತಾರೆ, ಹಾಗಂತ ಯಾರೂ ಮನೆಯಿಂದ ಕೊಳಗ ತಂದು ತುಂಬಿಸಿಕೊಂಡು ಹೋಗುವುದಿಲ್ಲ.

ತೆಗೆಯುವುದು ಹಾಕಿದಷ್ಟು ಸಲೀಸಲ್ಲ. ಫೈಲುಗಳನ್ನು ನಾವೇ ಅಳಿಸಬಹುದು, ಆದರೆ ಆ ಪುಟವೇ ಹೋಗಬೇಕೆಂದರೆ ಅವರಿಗೆ ಮೇಲ್ ಬರೆಯಬೇಕು. ಉಳಿಸುವುದೇ ಅವರ ಕೆಲಸ, ಹಾಗಾಗಿ ಅದು ಸರಿಯೇ. 41ಕ್ಕೂ ಬರೆದೆ, ಎಲ್ಲವೂ ಹೋದವು. ಪ್ರಯೋಗಕ್ಕೆ ಏನಾದರೂ ಹಾಕಿ ನೋಡುವವರಿಗೆ ಅಲ್ಲೇ ಟೆಸ್ಟ್ ಕಲೆಕ್ಷನ್ ಇದೆ, ತಿಂಗಳ ಮೇಲೆ ತಾನಾಗಿ ಅಳಿಯುತ್ತದೆ. ಈಗ ನನ್ನ ಮದುವೆ ಪ್ಯಾಕೇಜಿನಲ್ಲಿ ಡಿಸ್ಕಿನ ಬಾಬ್ತು 800 ರೂಪಾಯಿ ಬೇರೆಯಾಗಿ ಬರೆಯುತ್ತೇನೆ. ಇದುವರೆಗೆ ಯಾರೂ ಚೌಕಾಸಿ ಮಾಡಿಲ್ಲ.

ಹಾಗಾದರೆ ಖಾತೆ ಮುಚ್ಚಿದೆನಾ? ಇಲ್ಲ. ಬಸ್ರೂರಿನ ಒಂದು ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ ಸಿಕ್ಕಿತು. ಎಂಬತ್ತರ ದಶಕದ ತಾಳಮದ್ದಳೆಗಳು (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ಜಗಲಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ರಾತ್ರಿಯಿಡೀ ಹಿಡಿದದ್ದು. ಭಾಗವತರ ಮಗನ ಹತ್ತಿರ ಹೋಗಿ ಕೇಳಿದೆ, ಒಪ್ಪಿದರು. ಪಾತ್ರಗಳ ಮಾತಾಡುವ ಅರ್ಥಧಾರಿಗಳಲ್ಲಿ ಒಬ್ಬರು ಇನ್ನೂ ಇದ್ದಾರೆ. ಅವರ ಮನೆಗೂ ಹೋಗಿ ಕೇಳಿಸಿದೆ. ತಮ್ಮದೇ ಮೂವತ್ತರ ಪ್ರಾಯದ ದನಿಯನ್ನು ಅವರು ಕಣ್ಣುಮುಚ್ಚಿ ಕೇಳಿದರು, ಮಧ್ಯೆ ಒಂದು ಮಾತಿಗೆ ತಾವೇ ಉತ್ತರ ಕೊಟ್ಟರು. "ಹಾಕಿ, ಮಕ್ಕಳು ಕೇಳ್ಲಿ" ಅಂದರು. ಪ್ರಸಂಗ, ಊರು, ವರ್ಷ, ಮದ್ದಳೆ ಯಾರದು ಎಂಬುದನ್ನೂ ಕನ್ನಡದಲ್ಲೇ ಬರೆದು ಹಾಕಿದೆ. ಇವಕ್ಕೂ ಜಾಗ ಬೇಕು, ಆದರೆ ಇವು ಯಾರಾದರೂ ಕೇಳಲಿ ಎಂದೇ ಹಾಕಿದವು.

ಇಳಿಸಿಕೊಳ್ಳುವವರಿಗೂ ಒಂದು ಮಾತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಇಲ್ಲಿ ರಾಶಿ ಇವೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಅಷ್ಟನ್ನೂ ಒಂದೇ ರಾತ್ರಿ ಎಳೆಯಲು ಸ್ಕ್ರಿಪ್ಟ್ (ತಾನಾಗಿ ಇಳಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಬರೆದಿದ್ದ. 2023ರ ಮೇ ತಿಂಗಳಲ್ಲಿ ಆದದ್ದನ್ನು ಹೇಳಿ ನಿಲ್ಲಿಸಿದೆ. ಯಾರೋ 64 ಬಾಡಿಗೆ ಸರ್ವರ್‌ಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆ ಕಳಿಸಿ ಪುಸ್ತಕಗಳ ಪಠ್ಯ ಎಳೆಯಲು ಹೋಗಿ, ಇಡೀ ತಾಣವೇ ಎಲ್ಲರಿಗೂ ನಿಂತುಹೋಗಿತ್ತು. ನಿಧಾನವಾಗಿ ಶುರುಮಾಡಿ, ದೊಡ್ಡ ಕೆಲಸವಿದ್ದರೆ ಮೊದಲು ನಮಗೆ ತಿಳಿಸಿ ಎಂದಷ್ಟೇ ಆರ್ಕೈವಿನವರು ಕೇಳಿಕೊಂಡದ್ದು. ಒಬ್ಬರು ಮಾಡಿದ್ದಕ್ಕೆ ಎಲ್ಲರಿಗೂ ತೊಂದರೆ ಎಂಬುದನ್ನು ಹೊಸ ಸಿನಿಮಾ ತಂದು ತುಂಬುವವರಿಗೂ ಹೇಳಬೇಕು. 2017ರ ಆಗಸ್ಟಿನಲ್ಲಿ ಪೈರಸಿ ತಡೆಯುವ ಮದ್ರಾಸ್ ಹೈಕೋರ್ಟಿನ ಆದೇಶದಲ್ಲಿ ಈ ತಾಣವೂ ಸೇರಿ, ಭಾರತದಲ್ಲಿ ಕೆಲವು ದಿನ ತೆರೆಯುತ್ತಲೇ ಇರಲಿಲ್ಲ. ಹಳೆ ಪುಸ್ತಕ ಓದುವವನಿಗೂ ಆಗ ಬಾಗಿಲು ಮುಚ್ಚಿತ್ತು.

2024ರ ಅಕ್ಟೋಬರಿನಲ್ಲಿ ಅಲ್ಲಿಗೆ ಸೈಬರ್ ದಾಳಿಯಾಗಿ ಸುಮಾರು 3.1 ಕೋಟಿ ಖಾತೆಗಳ ವಿವರ ಸೋರಿತ್ತು. ಹಳೆ ಖಾತೆಯಿದ್ದವರು ಪಾಸ್‌ವರ್ಡ್ ಬದಲಿಸಿಕೊಳ್ಳಿ. ನನ್ನ ಮಾರ್ಕು ಐದಕ್ಕೆ ಐದು. ದೇಣಿಗೆ ಬಟನ್ನೂ ಅಲ್ಲೇ ಮೇಲಿದೆ, ನಾನು ವರ್ಷಕ್ಕೊಮ್ಮೆ ಒತ್ತುತ್ತೇನೆ.

ಡಬ್ಬಿಯಲ್ಲಿ ಇನ್ನೂ 23 ಕ್ಯಾಸೆಟ್ ಇವೆ. ಒಂದರ ಬಿ ಸೈಡಿಗೆ ಬೂಸ್ಟು ಹಿಡಿದು ಬೆಳಗಿನ ಜಾವದ ಭಾಗ ಕೇಳುತ್ತಿಲ್ಲ. ಬಸ್ರೂರು ಕಡೆಯ ಆ ಕಾಲದ ರೆಕಾರ್ಡಿಂಗು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.